ಕೊಳದಂಚಿಗೆ ನೀಲಿ ಹೂ ಆರಿಸುವ ಮೊದಲು

ಚಿ. ಮೇಘಾಳಿಗೆ ದೊಡ್ಡಮ್ಮನ ಆಶೀರ್ವಾದಗಳು.

ಹೊಸ ಕೊಳದ ಸುತ್ತ ನೀಲಿ ಹೂವೇ ಇರಬೇಕು ಎಂದು ಬರೆದಿದ್ದೀಯಲ್ಲ, ಓದಿ ತುಂಬ ಖುಷಿಯಾಯಿತು. ಒಂದು ಮಾತು ಕೇಳು ಮಗಳೇ. ಬಣ್ಣ ಆಮೇಲೆ, ಗಿಡದ ಬುಡ ಎಷ್ಟು ನೀರು ತಡೆಯುತ್ತದೆ ಎಂಬುದನ್ನು ಮೊದಲು ವಿಚಾರಿಸು. ಗೇಣುದ್ದ ನೀರು ನಿಲ್ಲುವ ಒಳಮೆಟ್ಟಿಲು ಬೇರೆ, ಕೆಸರು ಬೇರೆ, ಮೇಲಿನ ತೇವದ ಮಣ್ಣು ಬೇರೆ.

ಒಳಮೆಟ್ಟಿಲಿಗೆ ನನ್ನ ಆಯ್ಕೆ ಪಿಕರೆಲ್‌ವೀಡ್. ಹೃದಯದಾಕಾರದ ಎಲೆ, ನೆಟ್ಟಗೆ ನಿಲ್ಲುವ ನೀಲಿ-ನೇರಳೆ ತೆನೆ, ಮೇಲಿನ ಎಸಳಲ್ಲಿ ಹಳದಿ ಗುರುತು. ಅಂತರಗಂಗೆ (ವಾಟರ್ ಹಯಸಿಂತ್) ಇದೇ ಕುಲದ್ದು, ಅದರ ಹೂವಿನಲ್ಲೂ ಹಳದಿ ಗುರುತಿರುತ್ತದೆ. ಹಾಗಾಗಿ ತೊಟ್ಟು ಮುಟ್ಟಿ ನೋಡು. ಉಬ್ಬಿಕೊಂಡು ಸ್ಪಂಜಿನ ಹಾಗೆ ಮೆತ್ತಗಿದ್ದು, ಗಿಡ ಮಣ್ಣು ಹಿಡಿಯದೆ ತೇಲುತ್ತಿದ್ದರೆ ಅದು ಅಂತರಗಂಗೆ. ಪುಕ್ಕಟೆ ಕೊಟ್ಟರೂ ತರಬೇಡ. ನೋಡನೋಡುತ್ತಲೇ ಕೊಳವನ್ನೆಲ್ಲ ಮುಚ್ಚಿ, ಕೆಳಗಿನ ಮೀನಿಗೆ, ಗಿಡಕ್ಕೆ ಬೆಳಕೂ ಗಾಳಿಯೂ ಸಿಗದಂತೆ ಮಾಡುತ್ತದೆ. ಹೊರಗಿನ ಹಳ್ಳ ಸೇರಿತೆಂದರೆ ಯಾರ ಕೈಗೂ ಸಿಗುವುದಿಲ್ಲ.

ಹೆಚ್ಚು ಜನ ಎಡವುವುದು ಐರಿಸ್‌ನಲ್ಲಿ. ಹೂವಿಲ್ಲದಾಗ ಎನ್ಸಾಟಾ, ಲೇವಿಗೇಟಾ ಎಂಬ ಅದರ ಜಾತಿಗಳೆಲ್ಲ ಒಂದೇ ಥರ ಕಾಣುತ್ತವೆ. ಎಲೆಯನ್ನು ಎರಡು ಬೆರಳ ನಡುವೆ ಹಿಡಿದು ಬುಡದಿಂದ ತುದಿಗೆ ಸವರು. ಉಬ್ಬಿದ ನಡುನರ ಬೆರಳಿಗೆ ತಾಗಿದರೆ ಎನ್ಸಾಟಾ, ನುಣ್ಣಗೆ ಜಾರಿದರೆ ಲೇವಿಗೇಟಾ. ಲೇವಿಗೇಟಾ ವರ್ಷವಿಡೀ ತೆಳು ನೀರಲ್ಲಿ ಇರಬಲ್ಲದು. ಎನ್ಸಾಟಾ ಬೆಳೆಯುವ ಕಾಲದಲ್ಲಿ ನೀರು ಕುಡಿಯುತ್ತದೆ, ಆದರೆ ಚಳಿಗಾಲದಲ್ಲಿ ಬುಡ ಮುಳುಗಿದ್ದರೆ ಕೊಳೆಯುತ್ತದೆ. ಹುಲ್ಲಿನಷ್ಟು ಸಪೂರ ಎಲೆಯ ಸಿಬಿರಿಕಾ ಎಂಬ ಇನ್ನೊಂದು ಐರಿಸನ್ನು ನೀರಿಗಿಳಿಸಲೇಬೇಡ, ದಂಡೆಯ ಮೇಲೆ ನೆಡು. ಐರಿಸ್‌ನ ಗೆಡ್ಡೆ ವಿಷ, ರಸ ತಾಗಿದರೆ ಕೆಲವರಿಗೆ ಚರ್ಮ ಉರಿಯುತ್ತದೆ. ಗೆಡ್ಡೆ ಬಿಡಿಸುವಾಗ ಕೈಗವಸು ಇರಲಿ, ಮಕ್ಕಳನ್ನು ದೂರ ಇಡು.

ಇವೆಲ್ಲ ನೇರಳೆಗೆ ವಾಲುವ ನೀಲಿ. ಅಪ್ಪಟ ಆಕಾಶನೀಲಿ ಬೇಕಿದ್ದರೆ ನೀರಂಚಿನ ಫರ್ಗೆಟ್-ಮಿ-ನಾಟ್ ಹಾಕು. ನನಗಂತೂ ಇದರಷ್ಟು ಪ್ರೀತಿಯ ಗಿಡ ಇನ್ನೊಂದಿಲ್ಲ. ಸುರುಳಿ ಸುತ್ತಿದ ತುದಿಯಲ್ಲಿ ಮೊಗ್ಗು ಗುಲಾಬಿ, ಅರಳಿದರೆ ನೀಲಿ, ನಡುವೆ ಪುಟ್ಟ ಹಳದಿ ಕಣ್ಣು. ಎಸಳು ಐದಿರಬೇಕು. ನಾಲ್ಕೇ ಎಸಳು, ಎರಡೇ ಕೇಸರ ಕಂಡರೆ ಅದು ಬ್ರೂಕ್‌ಲೈಮ್. ಅದೂ ಒಳ್ಳೆಯದೇ, ಕೆಸರಲ್ಲಿ ಹರಡಿ ಕೊಳದ ಗಡಸು ಅಂಚನ್ನು ಮರೆಮಾಡುತ್ತದೆ.

ಗುರುತು ಹತ್ತದಿದ್ದರೆ ಫೋಟೊ ಕಳಿಸು. ಹೂ ಮಾತ್ರ ಬೇಡ, ಮೊಬೈಲಿನಲ್ಲಿ ನೇರಳೆಯೂ ನೀಲಿಯಾಗಿ ಬೀಳುತ್ತದೆ. ಎಲೆಯ ಎರಡೂ ಮಗ್ಗುಲು, ತೊಟ್ಟು, ಬುಡ ಎಲ್ಲ ಕಾಣಲಿ. ಕೊಳದ ಆಳವನ್ನೂ ಅಳೆದು ಬರೆ.

ಇಂತಿ,
ನಿನ್ನ ದೊಡ್ಡಮ್ಮ