ಒಂದೇ ಒಲೆಯ ರೊಟ್ಟಿ ತಿಂದವರು: ಪೋಷಕರಿಗೆ ಪತ್ರ

ಪ್ರೀತಿಯ ಪೋಷಕರಿಗೆ ನಮಸ್ಕಾರ.

ಕಾಲುವೆಗೆ ನೀರು ಬಿಟ್ಟು, ಗಂಗಾವತಿ ಸುತ್ತ ಭತ್ತದ ನಾಟಿ ಶುರುವಾದಾಗಿನಿಂದ ಶಾಲೆಯಲ್ಲಿ ಗೈರುಹಾಜರಿ ಜಾಸ್ತಿಯಾಗಿದೆ. ಎಲ್ಲಾ ಜ್ವರ, ಕೆಮ್ಮು. ಅದಕ್ಕೆ ಬೈಯಲು ಬರೆಯುತ್ತಿಲ್ಲ. ಸೋಮವಾರ ನನ್ನ ಕೋಣೆಯಲ್ಲಿ ಕೇಳಿದ ಒಂದು ಮಾತು ತಲೆಯಿಂದ ಹೋಗುತ್ತಿಲ್ಲ.

ಹೆಸರು ಬೇಡ. ಅಣ್ಣ ಏಳನೇ ತರಗತಿ, ತಂಗಿ ಐದನೇದು. ಇಬ್ಬರಿಗೂ ಒಂದೇ ವಾರ ಜ್ವರ ಬಂತು. ಅವನು ಮೂರನೇ ದಿನಕ್ಕೆ ಕಬಡ್ಡಿ ಆಡುತ್ತಿದ್ದ. ಅವಳು ಹತ್ತು ದಿನ ಮಲಗಿ ಎದ್ದು, ಅಜ್ಜಿಯ ಕೈ ಹಿಡಿದು ಬಂದಳು. ಬ್ಯಾಗು ಅಜ್ಜಿಯ ಹೆಗಲಲ್ಲಿತ್ತು. “ಇವರವ್ವ ನೆಟ್ಟಗ ಉಣಸಂಗಿಲ್ಲ ಸರ, ಅದಕ್ಕ ಹಿಂಗ” ಎಂದರು ಅಜ್ಜಿ. ಅವ್ವ ಬಾಗಿಲ ಹತ್ತಿರ ಸೆರಗಿನ ತುದಿ ಬೆರಳಿಗೆ ಸುತ್ತುತ್ತಾ ನಿಂತಿದ್ದರು. ಒಂದು ಮಾತೂ ಆಡಲಿಲ್ಲ.

ಇಬ್ಬರೂ ಒಂದೇ ಒಲೆಯ ರೊಟ್ಟಿ ತಿಂದವರು, ಅಲ್ವಾ? (ಹೆಣ್ಣುಮಗುವಿಗೆ ಕಡಿಮೆ ಬಡಿಸುವ ಮನೆಗಳೂ ಇವೆ. ಇದು ಅಂಥ ಮನೆಯಲ್ಲ, ನನಗೆ ಗೊತ್ತು.)

ನಮ್ಮ ಮೈಯಲ್ಲಿ ಎಚ್‌ಎಲ್‌ಎ ಎಂಬ ಜೀನ್‌ಗಳಿವೆ. ಅವು ತಯಾರಿಸುವ ಪ್ರೋಟೀನುಗಳು ಒಳಗೆ ಹೊಕ್ಕ ರೋಗಾಣುವಿನ ಚೂರನ್ನು ಎತ್ತಿ ಹಿಡಿದು ಬಿಳಿ ರಕ್ತಕಣಗಳಿಗೆ ತೋರಿಸುತ್ತವೆ. ಈ ಜೀನ್‌ಗಳು ಅರ್ಧ ಅಪ್ಪನಿಂದ ಬರುತ್ತವೆ, ಅರ್ಧ ಅವ್ವನಿಂದ. ನಾನು ಗಣಿತದ ಮೇಷ್ಟ್ರು, ಲೆಕ್ಕ ಹೇಳದೆ ಬಿಡುವವನಲ್ಲ. ಒಡಹುಟ್ಟಿದ ಇಬ್ಬರಲ್ಲಿ ಇವು ಪೂರ್ತಿ ಒಂದೇ ಥರ ಇರುವ ಸಾಧ್ಯತೆ ನಾಲ್ಕರಲ್ಲಿ ಒಂದಷ್ಟೇ. ಹಾಗಾಗಿ ಒಬ್ಬರ ಮೈ ಬೇಗ ಗುರುತು ಹಿಡಿದ ರೋಗಾಣುವನ್ನು ಇನ್ನೊಬ್ಬರ ಮೈ ತಡವಾಗಿ ಹಿಡಿಯಬಹುದು. ಅದೇ ಜ್ವರ ಅಣ್ಣನಿಗೆ ಹಿಂದೊಮ್ಮೆ ಬಂದುಹೋಗಿದ್ದರೆ, ಅವನ ಮೈಗೆ ಅದರ ನೆನಪೂ ಇರುತ್ತದೆ.

ಗಟ್ಟಿ ಮೈ, ಸೊರಗಿದ ಮೈ ಎಂದು ಸುಮ್ನೆ ಹೇಳಿಬಿಡುತ್ತೇವೆ. ಅದು ಅಷ್ಟು ಸರಳವಲ್ಲ. ಕೆಂಪು ರಕ್ತಕಣದ ಆಕಾರ ಕೆಡಿಸುವ ಸಿಕಲ್ ಸೆಲ್ ಜೀನ್ ನೋಡಿ. ಅಪ್ಪ, ಅವ್ವ ಇಬ್ಬರಿಂದಲೂ ಬಂದರೆ ರಕ್ತದ ಕಾಯಿಲೆ. ಒಬ್ಬರಿಂದ ಮಾತ್ರ ಬಂದರೆ, ಮಲೇರಿಯಾ ಜೀವಕ್ಕೆ ಮುಟ್ಟುವಷ್ಟು ಜೋರಾಗದಂತೆ ಬಹುಮಟ್ಟಿಗೆ ಅದೇ ಕಾಯುತ್ತದೆ.

ಊಟ, ನಿದ್ದೆ, ಲಸಿಕೆ ಬೇಡ ಅಂತಲ್ಲ. 10 ವರ್ಷ ತುಂಬಿದ ಮಕ್ಕಳಿಗೆ ಟಿಡಿ (ಧನುರ್ವಾಯು, ಡಿಫ್ತೀರಿಯಾ ತಡೆಯುವ) ಚುಚ್ಚುಮದ್ದು ಹಾಕಿಸಬೇಕು, ತಾಯಿ ಕಾರ್ಡ್ ಹುಡುಕಿ ಕಳಿಸಿ. ಒಂದೇ ವರ್ಷದಲ್ಲಿ ಎರಡು ಸಲ ನ್ಯುಮೋನಿಯಾ ಆದ ಮಗು ಇದ್ದರೆ ಮಕ್ಕಳ ಡಾಕ್ಟರಿಗೆ ತೋರಿಸಿ. ಹುಟ್ಟಿನಿಂದಲೇ ರೋಗ ತಡೆಯುವ ಶಕ್ತಿ ಕಡಿಮೆ ಇರಬಹುದು.

ಆ ತಂಗಿಗೆ ತಪ್ಪಿದ ಭಿನ್ನರಾಶಿ ಪಾಠವನ್ನು ಬುಧವಾರ ಸಂಜೆ ನಾನೇ ಹೇಳಿಕೊಡುತ್ತೇನೆ. ಬೇರೆ ಮಕ್ಕಳಿಗೂ ಬೇಕಿದ್ದರೆ ನಾಲ್ಕೂವರೆಗೆ ಕಳಿಸಿ. ಮೈ ಬಿಸಿ ಇದ್ದರೆ ಬೇಡ, ಇನ್ನೊಂದು ದಿನ ಮಾಡೋಣ.

ಇಂತಿ,
ಮುಖ್ಯ ಗುರುಗಳು