ಮಗಳಿಗೊಂದು ಪತ್ರ: ಸಹಿ ಹಾಕಿದ ನೆರೆಯವರು

ಪುಟ್ಟಿ,

ನಿನ್ನೆ ರಾತ್ರಿ ಫೋನಿನಲ್ಲಿ ನೀನು ಹೇಳಿದ್ದು ತಲೆಯಲ್ಲೇ ಕೂತಿದೆ. ಹಾಸ್ಟೆಲಿನಲ್ಲಿ ದುಡ್ಡು ಕಾಣೆಯಾಯ್ತು, ಯಾರೋ ಆ ಹುಡುಗಿಯ ಹೆಸರು ಹೇಳಿದರು, ಈಗ ಊಟಕ್ಕೆ ಅವಳ ಪಕ್ಕ ಯಾರೂ ಕೂರುತ್ತಿಲ್ಲ. "ಇಷ್ಟು ಜನ ಹೇಳ್ತಿದ್ದಾರೆ ಅಂದ್ರೆ ಏನೋ ಇರಬೇಕು ಅಲ್ವಾ ಅಮ್ಮ?" ಅಂದೆ. ಆಗ ನನಗೆ ಉತ್ತರ ಹೊಳೆಯಲಿಲ್ಲ. ಫೋನಿಟ್ಟ ಮೇಲೆ ಜಾನ್ ಪ್ರಾಕ್ಟರ್ ನೆನಪಾದ.

ಅಮೆರಿಕದ ಮ್ಯಾಸಚೂಸೆಟ್ಸ್ ಇನ್ನೂ ಇಂಗ್ಲಿಷರ ವಸಾಹತಾಗಿದ್ದ ಕಾಲ, 1692. ಸೇಲಂನಲ್ಲಿ ಕೆಲವು ಹುಡುಗಿಯರು ಮೈಮೇಲೆ ಏನೋ ಬಂದವರಂತೆ ಚೀರಾಡತೊಡಗಿದರು. ಮಾಟ ಮಾಡಿದ್ದಾರೆ ಅಂತ ಒಬ್ಬೊಬ್ಬರ ಹೆಸರು ಹೇಳಿದರು. ಪ್ರಾಕ್ಟರ್ ಅರವತ್ತರ ರೈತ. ಆ ಹುಡುಗಿಯರನ್ನು ಅವನು ನಂಬಲಿಲ್ಲ, ಅದನ್ನು ಮುಚ್ಚಿಡಲೂ ಇಲ್ಲ. ಮೊದಲು ಅವನ ಬಸುರಿ ಹೆಂಡತಿ ಎಲಿಜಬೆತ್‌ಳ ಹೆಸರು ಬಂತು, ಆಮೇಲೆ ಅವನದೇ. ಸಾಕ್ಷಿ ಏನು ಗೊತ್ತಾ? ಅವನ ಆಕೃತಿ ಬಂದು ನಮ್ಮನ್ನು ಹಿಂಸಿಸುತ್ತಿದೆ ಅಂದರು. ಆ ಆಕೃತಿ ಅವರಿಗಷ್ಟೇ ಕಾಣುತ್ತಿತ್ತು. ಅದನ್ನು ಸುಳ್ಳು ಅಂತ ಯಾರು ಹೇಗೆ ತೋರಿಸಬೇಕು?

ಶೆರಿಫ್ ಅವನ ಮನೆಯ ದನ, ಸಾಮಾನು ಎಲ್ಲ ಹೊತ್ತೊಯ್ದ. ಪಾತ್ರೆಯಲ್ಲಿದ್ದ ಸಾರನ್ನು ಚೆಲ್ಲಿ, ಪಾತ್ರೆಯನ್ನೂ ಬಿಡಲಿಲ್ಲವಂತೆ. ಮನೆಯಲ್ಲಿ ಮಕ್ಕಳಿದ್ದರು ಪುಟ್ಟಿ. ಆ ಸಾರು ನೆನೆದಾಗಲೆಲ್ಲ ನನ್ನ ಹೊಟ್ಟೆ ಉರಿಯುತ್ತದೆ.

ಜುಲೈ 23ರಂದು ಅವನು ಜೈಲಿನಿಂದ ಬಾಸ್ಟನ್ನಿನ ಪಾದ್ರಿಗಳಿಗೆ ಕಾಗದ ಬರೆದ. ಮಗ ವಿಲಿಯಂ ತಪ್ಪೊಪ್ಪಿಕೊಳ್ಳಲಿ ಅಂತ ಕುತ್ತಿಗೆಗೂ ಕಾಲಿಗೂ ಸೇರಿಸಿ ಕಟ್ಟಿ, ಮೂಗಿನಲ್ಲಿ ರಕ್ತ ಬರುವಷ್ಟು ಹಿಂಸಿಸಿದ್ದಾರೆ, ವಿಚಾರಣೆ ಬಾಸ್ಟನ್ನಿನಲ್ಲಿ ಆಗಲಿ, ಇಲ್ಲವೇ ನ್ಯಾಯಾಧೀಶರನ್ನಾದರೂ ಬದಲಿಸಿ ಅಂತ ಕೇಳಿಕೊಂಡ. ತನ್ನೊಬ್ಬನಿಗಲ್ಲ, ಜೊತೆಯಲ್ಲಿದ್ದ ಕೈದಿಗಳಿಗೂ ಸೇರಿಸಿ.

ಆದರೆ ನಿನಗೆ ಹೇಳಬೇಕೆಂದಿದ್ದು ಇನ್ನೊಂದು ಕಾಗದದ ವಿಷಯ. ಅವನು ಬೆಳೆದ ಇಪ್ಸ್‌ವಿಚ್‌ನ 32 ಜನ ಅವನ ಪರವಾಗಿ ಸಹಿ ಹಾಕಿದರು. ಮೊದಲ ಸಹಿ ಅಲ್ಲಿನ ಪಾದ್ರಿ ಜಾನ್ ವೈಸ್ ಅವರದು. ಹತ್ತಿರದ ಇನ್ನೂ 20 ಜನ ಬೇರೆ ಅರ್ಜಿ ಕೊಟ್ಟರು. ಕಷ್ಟ ಅಂದವರಿಗೆ ಈ ಗಂಡ ಹೆಂಡತಿ ಯಾವಾಗಲೂ ಆಗುತ್ತಿದ್ದರು ಅಂತ ಬರೆದರು. ಯಾರ ಹೆಸರು ಯಾವಾಗ ಬರುತ್ತೋ ಗೊತ್ತಿಲ್ಲದ ದಿನಗಳಲ್ಲಿ ತಮ್ಮ ಹೆಸರನ್ನು ತಾವೇ ಬರೆದುಕೊಟ್ಟರು.

ಆಗಸ್ಟ್ 19ರಂದು ಪ್ರಾಕ್ಟರ್‌ನನ್ನು ನೇಣಿಗೆ ಹಾಕಿದರು. ಬಸುರಿ ಅಂತ ಎಲಿಜಬೆತ್ ಉಳಿದಳು. ಮುಂದಿನ ಜನವರಿಯಲ್ಲಿ ಗಂಡು ಮಗು ಹುಟ್ಟಿತು.

ಆ ಹುಡುಗಿ ದುಡ್ಡು ತೆಗೆದಳೋ ಇಲ್ಲವೋ ನನಗೂ ಗೊತ್ತಿಲ್ಲ, ನಿನಗೂ ಗೊತ್ತಿಲ್ಲ. ಇವತ್ತು ರಾತ್ರಿ ಊಟಕ್ಕೆ ತಟ್ಟೆ ತಗೊಂಡು ಅವಳ ಪಕ್ಕ ಹೋಗಿ ಕೂರ್ತೀಯಾ? ಭಾನುವಾರ ಫೋನ್ ಮಾಡು.

ಅಮ್ಮ