ಪ್ಲಾಸ್ಟಿಕ್ ಪಿಸ್ತೂಲು ಮೆಟಲ್ ಡಿಟೆಕ್ಟರಿಗೆ ಸಿಗಲ್ಲ ಅನ್ನೋದು ಸುಳ್ಳು

ಮಾನ್ಯ ಸಂಪಾದಕರೇ,

ಹೋದ ಭಾನುವಾರದ ಪುರವಣಿಯಲ್ಲಿ ಗ್ಲಾಕ್ 34 ಪಿಸ್ತೂಲಿನ ಫೋಟೋ ಹಾಕಿದ್ರಿ, ಫೋಟೋ ಚೆನ್ನಾಗೇ ಐತೆ, ಆದ್ರೆ ಅದರ ಕೆಳಗೆ ಬರೆದಿದ್ದು ಓದಿ ತಲೆ ಕೆಟ್ಟೋಯ್ತು. ನಳಿಗೆ ಉದ್ದ ಆದ್ದರಿಂದ ಪವರ್ ಡಬಲ್ ಅಂತೆ, ಮೇಲಿನ ತೂತು ಸೌಂಡ್ ಕಮ್ಮಿ ಮಾಡೋಕಂತೆ, ಬಾಡಿ ಪ್ಲಾಸ್ಟಿಕ್ ಆದ್ದರಿಂದ ಮೆಟಲ್ ಡಿಟೆಕ್ಟರಿಗೂ ಸಿಗಲ್ವಂತೆ. ನಾನು ಸೇನೆಯಲ್ಲಿ ಆರ್ಮರರ್, ಅಂದ್ರೆ ಆಯುಧ ರಿಪೇರಿ ಮಾಡೋನು ಆಗಿದ್ದವನು, ನಮ್ಮ ಕೈಯಲ್ಲಿ ಓಡಾಡ್ತಿದ್ದದ್ದು ಇಶಾಪುರ ಕಾರ್ಖಾನೆಯ 9 ಎಂಎಂ 1ಎ ಪಿಸ್ತೂಲು, ಪೂರ್ತಿ ಉಕ್ಕು, 13 ಗುಂಡಿನ ಮ್ಯಾಗಜೀನ್, ಎಡಗಡೆ ಗುಂಡು ತಪ್ಪಿ ಹಾರದ ಹಾಗೆ ತಡೆಯೋ ಸೇಫ್ಟಿ ಲಿವರ್. ಅದನ್ನ ಬಿಚ್ಚಿ ಜೋಡಿಸಿ ಬಂದವನಿಗೆ ಇಂಥದ್ದು ಓದಿ ಸುಮ್ನಿರೋಕೆ ಆಗಲ್ಲ ನೋಡ್ರಿ.

ಮೊದಲು ಪ್ಲಾಸ್ಟಿಕ್ ವಿಷಯ, ಯಾಕಂದ್ರೆ ಇದು ವಾಟ್ಸಾಪಲ್ಲಿ ಆಗಲೇ ಸುತ್ತಾಡ್ತಾ ಐತೆ. ಕೈಯಲ್ಲಿ ಹಿಡಿಯೋ ಫ್ರೇಮ್ ಮಾತ್ರ ಪಾಲಿಮರ್, ಅದೂ ನಮ್ಮ ನೀರಿನ ಕೊಡದ ಪ್ಲಾಸ್ಟಿಕ್ ಅಲ್ಲ. ಮೇಲೆ ಹಿಂದೆ ಮುಂದೆ ಓಡೋ ಸ್ಲೈಡ್ ಉಕ್ಕು, ನಳಿಗೆ ಉಕ್ಕು, ಸ್ಪ್ರಿಂಗು, ಗುಂಡಿನ ಹಿಂದೆ ಬಡಿಯೋ ಫೈರಿಂಗ್ ಪಿನ್ ಎಲ್ಲಾ ಲೋಹ, ಸ್ಲೈಡ್ ಓಡೋ ರೈಲ್ ಕೂಡ ಉಕ್ಕಿಂದು, ಫ್ರೇಮ್ ಅಚ್ಚು ಹಾಕುವಾಗಲೇ ಒಳಗೆ ಕೂರಿಸಿರ್ತಾರೆ. ತೂಕದ ಲೆಕ್ಕದಲ್ಲಿ ಶೇ. 80ಕ್ಕಿಂತ ಜಾಸ್ತಿ ಉಕ್ಕೇ ಇರೋ ವಸ್ತು ಡಿಟೆಕ್ಟರಿಗೆ ಸಿಗದೆ ಎಲ್ಲಿಗೆ ಹೋಗುತ್ತೆ? 1980ರ ದಶಕದಲ್ಲಿ ಅಮೆರಿಕದಲ್ಲೂ ಇದೇ ಗಲಾಟೆ ಎದ್ದು, 1988ರಲ್ಲಿ ಡಿಟೆಕ್ಟರಿಗೆ ಸಿಗದ ಬಂದೂಕು ಮಾಡಬಾರದು ಅಂತ ಕಾನೂನೇ ತಂದ್ರು, ಗ್ಲಾಕ್ ಅದಾದ ಮೇಲೂ ಆರಾಮಾಗಿ ಮಾರಾಟ ಆಗ್ತಾನೇ ಬಂತು. ಅಷ್ಟಕ್ಕೂ ಪಾಲಿಮರ್ ಫ್ರೇಮ್ ಗ್ಲಾಕ್ ಕಂಪನಿಯವರೇ ಮೊದಲು ಮಾಡಿದ್ದಲ್ಲ, ಜರ್ಮನಿಯ ಹೆಕ್ಲರ್ ಕಾಕ್ ಕಂಪನಿಯವರು 1970ರಲ್ಲೇ ವಿಪಿ70 ಅಂತ ಮಾಡಿದ್ರು, ಆದ್ರೆ ಹೆಸರು ಬಂದಿದ್ದು ಗ್ಲಾಕ್ ಕಂಪನಿ ಕಟ್ಟಿದ ಗಾಸ್ಟನ್ ಗ್ಲಾಕಿಗೆ, 1982ರಲ್ಲಿ ಆಸ್ಟ್ರಿಯಾ ಸೇನೆ ಅವರ ಗ್ಲಾಕ್ 17 ತಗೊಂಡ ಮೇಲೆ.

ಇನ್ನು ಆ ಉದ್ದ ನಳಿಗೆ. ಗ್ಲಾಕ್ 17ರ ನಳಿಗೆ 114 ಮಿಲಿಮೀಟರ್, 34ರದ್ದು 135. ವ್ಯತ್ಯಾಸ ಬರೀ 21 ಮಿ.ಮೀ., ಗುಂಡು ಅದೇ 9 ಎಂಎಂ. ವೇಗ ಒಂಚೂರು ಏರುತ್ತೆ, ಡಬಲ್ ಅನ್ನೋದು ಯಾವ ಲೆಕ್ಕಕ್ಕೂ ಕೂರಲ್ಲ. ಉದ್ದ ಮಾಡಿರೋದು ಗುರಿಗೋಸ್ಕರ. ನಳಿಗೆ ಜೊತೆ ಸ್ಲೈಡೂ ಉದ್ದ ಆಗುತ್ತೆ, ಆಗ ಗುರಿ ನೋಡೋಕೆ ಮೇಲೆ ಇರೋ ಹಿಂದಿನ ಸೈಟಿಗೂ ಮುಂದಿನ ಸೈಟಿಗೂ ನಡುವಿನ ದೂರ ಜಾಸ್ತಿ, 17ರಲ್ಲಿ ಅದು ಸುಮಾರು 165 ಮಿ.ಮೀ., 34ರಲ್ಲಿ ಸುಮಾರು 192. ಸೈಟ್ ಜೋಡಿಸುವಾಗ ಒಂದೇ ಒಂದು ಮಿ.ಮೀ. ಆಚೀಚೆ ಆಯ್ತು ಅಂದುಕೊಳ್ಳಿ, 25 ಮೀಟರ್ ದೂರದ ಟಾರ್ಗೆಟ್ ಮೇಲೆ 17ರಲ್ಲಿ ಗುಂಡು 15 ಸೆಂ.ಮೀ. ತಪ್ಪುತ್ತೆ, 34ರಲ್ಲಿ 13. ಸ್ಪರ್ಧೆಗೆ ಹೋಗೋರಿಗೆ ಆ ಎರಡು ಸೆಂಟಿಮೀಟರೇ ದೊಡ್ಡದು. ಇದಕ್ಕೆ ಮುಂಚೆ 1988ರಲ್ಲಿ 17ಎಲ್ ಅಂತ ಇನ್ನೂ ಉದ್ದದ್ದು ಬಂದಿತ್ತು, 153 ಮಿ.ಮೀ. ನಳಿಗೆ, ಅದು ಸ್ಪರ್ಧೆಯವರು ಪಿಸ್ತೂಲು ಅಳೆಯೋಕೆ ಇಡೋ 225 ಮಿ.ಮೀ. ಪೆಟ್ಟಿಗೆಯೊಳಗೆ ಕೂರಲ್ಲ, 1998ರಲ್ಲಿ ಬಂದ 34 ಕೂರುತ್ತೆ.

ತೂತಿನ ಕಥೆ ಸಣ್ಣದು. ಸ್ಲೈಡ್ ಉದ್ದ ಮಾಡಿದ್ರೆ ತೂಕ ಏರುತ್ತೆ, ತೂಕ ಏರಿದ್ರೆ ಗುಂಡು ಹಾರಿದಾಗ ಹಿಂದೆ ಮುಂದೆ ಓಡೋ ಲೆಕ್ಕ ಕೆಡುತ್ತೆ, ಅದಕ್ಕೆ ಮೇಲ್ಗಡೆ ಲೋಹ ಕಡಿದು ಹಗುರ ಮಾಡ್ಯಾರೆ. ಸೌಂಡಿಗೂ ಅದಕ್ಕೂ ಸಂಬಂಧ ಇಲ್ಲ.

ಬರೆಯೋದಿದ್ರೆ ಸೇಫ್ಟಿ ಬಗ್ಗೆ ಬರೀಬೇಕಿತ್ತು, ಅದು ಒಂದು ಸಾಲೂ ಇಲ್ಲ. ಇದರಲ್ಲಿ ಹೆಬ್ಬೆರಳಲ್ಲಿ ತಿರುಗಿಸೋ ಲಿವರ್ ಇಲ್ಲ. ಟ್ರಿಗರ್ ನಡುವೆ ಸಣ್ಣ ನಾಲಿಗೆ ಒಂದು, ಒಳಗೆ ಫೈರಿಂಗ್ ಪಿನ್ ತಡೆಯೋದೊಂದು, ಕೆಳಗೆ ಬಿದ್ರೆ ಹಾರದ ಹಾಗೆ ಇನ್ನೊಂದು, ಮೂರೂ ಟ್ರಿಗರ್ ಎಳೆದರೆ ತಾವಾಗೇ ಬಿಡ್ತಾವೆ. ಡಿಸೈನ್ ಜಾಣತನದ್ದೇ, ಇಲ್ಲ ಅನ್ನಲ್ಲ, ಆದ್ರೆ ನನ್ನಂಥ ಹಳೇ ಮನುಷ್ಯನಿಗೆ ಒಗ್ಗಲ್ಲ, ಯಾಕಂದ್ರೆ ಬೆರಳು ಟ್ರಿಗರ್ ಮೇಲೆ ಹೋಯ್ತೋ ಕಥೆ ಮುಗೀತು. ಅದಕ್ಕಿಂತ ಹೆಚ್ಚಾಗಿ ಇದನ್ನ ಬಿಚ್ಚೋಕೆ ಮುಂಚೆ ಟ್ರಿಗರ್ ಎಳೀಲೇಬೇಕು, ಮ್ಯಾಗಜೀನ್ ತೆಗೆದ್ರೂ ನಳಿಗೆ ಹಿಂಬದಿಯ ಚೇಂಬರಲ್ಲಿ ಒಂದು ಗುಂಡು ಉಳಿದಿದ್ರೆ ಕ್ಲೀನ್ ಮಾಡೋ ಟೇಬಲ್ ಮೇಲೇ ಹಾರುತ್ತೆ, ಹೊರದೇಶಗಳಲ್ಲಿ ಹಿಂಗೇ ಗುಂಡು ಹಾರಿಸಿಕೊಂಡೋರು ಅದಾರೆ.

ನಿಮ್ಮ ಪುಟ ನೋಡಿ ನಮ್ಮ ಓಣಿಯ ಕಾಲೇಜು ಹುಡುಗ ಒಬ್ಬ ಮೊಬೈಲಲ್ಲಿ ಫೋಟೋ ಹೊಡ್ಕೊಂಡು ಬಂದು, ಅಂಕಲ್ ಇದಕ್ಕೆ ಡಿಸಿ ಆಫೀಸಲ್ಲಿ ಲೈಸೆನ್ಸ್ ಕೊಡ್ತಾರಾ ಅಂತ ಕೇಳ್ದ. ಜಗಳೂರು ಕಡೆ ಹಂದಿ ಕಾಟಕ್ಕೆ ರೈತರು ಇಟ್ಕೊಂಡಿರೋ ಬೆಳೆ ರಕ್ಷಣೆ ಬಂದೂಕೇ ಬೇರೆ, ಇದೇ ಬೇರೆ. 9 ಎಂಎಂ ನಮ್ಮಲ್ಲಿ ನಿಷೇಧಿತ ಬೋರ್ (ನಳಿಗೆ ಅಳತೆ), ಎನ್‌ಎಸ್‌ಜಿ ಕಮಾಂಡೊಗಳ ಹತ್ರ ಗ್ಲಾಕ್ ಇದ್ರೂ ನಮ್ಮ ನಿಮ್ಮಂಥೋರಿಗೆ ಸಿಗೋ ವಸ್ತು ಅಲ್ಲ. ಲೈಸೆನ್ಸ್ ಇಲ್ದೆ ಇಟ್ಕೊಂಡ್ರೆ ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿ ಪ್ರಕಾರ ಕಮ್ಮಿ ಅಂದ್ರೂ 7 ವರ್ಷ ಜೈಲು, 14 ವರ್ಷದ ತನಕ ಹೋಗಬಹುದು. ಮದುವೆ ಮೆರವಣಿಗೆಯಲ್ಲಿ ಲೈಸೆನ್ಸ್ ಬಂದೂಕಲ್ಲೇ ಬೇಕಾಬಿಟ್ಟಿ ಹಾರಿಸಿದ್ರೂ 2 ವರ್ಷದ ತನಕ ಜೈಲು ಇಲ್ಲ 1 ಲಕ್ಷದ ತನಕ ದಂಡ, ಎರಡೂ ಬೀಳಬಹುದು.

ಬರೋ ಭಾನುವಾರ ಅದೇ ಪುಟದಲ್ಲಿ, ಅಷ್ಟೇ ದಪ್ಪ ಅಕ್ಷರದಲ್ಲಿ ತಿದ್ದುಪಡಿ ಹಾಕ್ರಿ, ಒಳಪುಟದ ಮೂಲೆಯಲ್ಲಿ ಬೇಡ. ಇನ್ಮೇಲೆ ಇಂಥ ಫೋಟೋ ಹಾಕೋ ಮುಂಚೆ ಡಿಎಆರ್ (ಜಿಲ್ಲಾ ಸಶಸ್ತ್ರ ಮೀಸಲು ಪೊಲೀಸ್) ಕಡೆ ಆರ್ಮರರ್ ಯಾರಿಗಾದ್ರೂ ಒಂದು ಫೋನ್ ಮಾಡಿ, ಅವರೇ ಹೇಳ್ತಾರೆ.

ಇಂತಿ,
ಒಬ್ಬ ನಿವೃತ್ತ ಸೈನಿಕ
ನಿಟ್ಟುವಳ್ಳಿ, ದಾವಣಗೆರೆ